ಗಲ್ಲದೊಳಗಿನ ಹತ್ತಿ

ಸವಣೂರು
12 ಆಗಸ್ಟ್ 2024

ಚಿ. ಹರಿಪ್ರಿಯಾಗೆ ದಸ್ತಗೀರಸಾಬನ ಸಲಾಂ.

ನಿನ್ನನ್ನು ಬಾಯಾರ ಎಂದು ಬರೆಯಬೇಕೋ ಮೇಡಂ ಎಂದು ಬರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದೆ. ಆಸ್ಪತ್ರೆಯಲ್ಲಿ ಎಲ್ಲರೂ ನಿನಗೆ ಮೇಡಂ ಅನ್ನುತ್ತಿದ್ದರು. ನಾನು ಮಾತ್ರ ಮೊದಲ ದಿನವೇ ಎಲ್ಲರೆದುರು, "ಏನವಾ, ಸವಣೂರ ವಾದಿರಾಜ ಮಾಸ್ತರ ಮಗಳಲ್ಲೇನ ನೀ?" ಎಂದುಬಿಟ್ಟೆ. ನೀನು ನಕ್ಕೆ. ಆ ನಗುವಿನ ಸಲಿಗೆಯಿಂದ ಈಗಲೂ ಏಕವಚನದಲ್ಲೇ ಬರೆಯುತ್ತಿದ್ದೇನೆ.

ಗಡ್ಡೆ ಹೋಗಿದೆ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದೆವು, ಮೂಗಿನ ಹಿಂದೆ ಏನೂ ಉಳಿದಿಲ್ಲ ಎಂದರು. ನನ್ನ ಹೆಂಡತಿ ಮಾಬೂಬಿ ಹಬ್ಬವಿಲ್ಲದ ದಿನ ಸುರಕುಂಬಾ ಪಾಯಸ ಮಾಡಿ ಓಣಿಗೆಲ್ಲ ಹಂಚಿದಳು. ನಿಮ್ಮ ಯಂತ್ರಕ್ಕೂ ನಿನಗೂ ದುವಾ ಮಾಡುತ್ತಾಳೆ.

ಆದರೆ ಬಕ್ರೀದ್ ಮುಗಿದ ಮೇಲೆ ನನ್ನ ಎಡಗಿವಿ ಮುಚ್ಚಿಕೊಂಡಿತು. ಮೊದಲು ಒಳಗೊಂದು ಸಿಳ್ಳು, ಆಮೇಲೆ ಅದೂ ಇಲ್ಲ. ಬಲಗಿವಿಗೂ ವಯಸ್ಸಾಗಿದೆ, ಫೋನಿನಲ್ಲಿ ಮಾತು ಕಲಸಿಹೋಗುತ್ತದೆ. ಮಗ ನದೀಮನಿಗೆ ಹೇಳಿ ವಾಟ್ಸಪ್ ಮಾಡಿಸಬಹುದಿತ್ತು. ಈ ವಿಷಯ ಅವನಿಗೆ ಗೊತ್ತಾಗುವುದು ಬೇಡ ಎಂದೇ ಕಾಗದ ಹಿಡಿದಿದ್ದೇನೆ.

ನಾನೊಂದು ತಪ್ಪು ಮಾಡಿದ್ದೇನೆ. ಚಿಕಿತ್ಸೆಗೆ ಮಲಗಿಸುವಾಗ ಮುಖಕ್ಕೆ ಬಿಗಿಯುತ್ತಿದ್ದಿರಲ್ಲ, ಜಾಳಿಗೆಯಂಥ ಪ್ಲಾಸ್ಟಿಕ್ ಮುಖವಾಡ, ಬಿಸಿನೀರಿನಲ್ಲಿ ಅದ್ದಿ ನನ್ನ ಮುಖದ ಅಳತೆಗೇ ಎಳೆದು ಮಾಡಿದ್ದು. ಮೊದಲೆರಡು ವಾರ ಅದು ಚೆನ್ನಾಗಿ ಕೂಡುತ್ತಿತ್ತು. ನನ್ನ ದರ್ಜಿ ಕಸುಬಿನವರೇ ಮಾಡಿದ್ದಾರೆ ಅನ್ನಿಸಿತ್ತು. ಆಮೇಲೆ ಊಟ ಇಳಿಯದೆ ಗಲ್ಲ ಒಳಹೋಯಿತು, ಮುಖವಾಡ ಸಡಿಲಾಯಿತು. ಮುಖವಾಡ ಸಡಿಲಾದರೆ ಹೊಸದು ಮಾಡಬೇಕು, ಅಳತೆಯೆಲ್ಲ ಮತ್ತೆ ತೆಗೆಯಬೇಕು, ನಾಲ್ಕು ದಿನ ಎಲ್ಲ ನಿಲ್ಲುತ್ತದೆ ಎಂದು ಅಲ್ಲಿನ ಹುಡುಗಿ ಇನ್ನೊಬ್ಬರಿಗೆ ಹೇಳುವುದು ಕೇಳಿಸಿತು. ನನ್ನಿಂದ ನಿನಗೆ ಎರಡೆರಡು ಸಲ ಅಳತೆಯ ಕೆಲಸ ಯಾಕೆ ಎಂದುಕೊಂಡೆ. ಇಪ್ಪತ್ತನೆಯ ದಿನದಿಂದ ಕೊನೆಯ ಮೂವತ್ಮೂರನೆಯ ದಿನದವರೆಗೆ ಎಡಗಲ್ಲದೊಳಗೆ ಹತ್ತಿಯ ಉಂಡೆ ಇಟ್ಟುಕೊಂಡು ಮಲಗಿದೆ. ಮುಖವಾಡ ಸರಿಯಾಗಿ ಕೂತಿತು, ಯಾರಿಗೂ ಗೊತ್ತಾಗಲಿಲ್ಲ. ಸವಣೂರಿನ ವೀಳ್ಯದೆಲೆ ನಲವತ್ತು ವರ್ಷ ಅದೇ ಗಲ್ಲದಲ್ಲಿ ಇಟ್ಟವನು ನಾನು. ಅರ್ಧ ಗಂಟೆ ನುಂಗದೆ ಉಗುಳದೆ ಇರುವುದು ನನಗೇನು ಕಷ್ಟ.

ಕಿವಿ ಹೋದದ್ದು ಆ ಹತ್ತಿಯಿಂದಲೇ ಏನು? ಕಿವಿಯ ಮಾತು ಬಿಡು. ನಾನು ಮಾಡಿದ ಶ್ಯಾಣ್ಯಾತನದಿಂದ ನೀನು ಹಾಕಿದ ಕಿರಣದ ಲೆಕ್ಕ ಕೆಟ್ಟು, ನಿನ್ನ ಹೆಸರಿಗೆ ಕುಂದು ಬಂದಿದ್ದರೆ ಹೇಳು. ನಾಚಿಕೆಯಾಗುತ್ತಿದೆ.

ನಿನ್ನ ಅವ್ವ ಭಾಗೀರಥಿಬಾಯಿಯವರಿಗೂ ಸಲಾಂ ಹೇಳು.

ನಿನ್ನ ಯೂನಿಫಾರ್ಮ್ ಹೊಲಿದ
ದಸ್ತಗೀರಸಾಬ

*

ಆಸ್ಪತ್ರೆ ಕ್ವಾರ್ಟರ್ಸ್
3 ಸೆಪ್ಟೆಂಬರ್ 2024

ತೀರ್ಥರೂಪ ಸಮಾನರಾದ ದಸ್ತಗೀರ ಕಾಕಾ ಅವರಿಗೆ ಹರಿಪ್ರಿಯಾಳ ನಮಸ್ಕಾರಗಳು.

ಗಡ್ಡೆ ಕರಗಿದ ಸುದ್ದಿ ಓದಿ ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಕಿವಿಯ ವಿಷಯ ಅವಳಿಗೆ ಹೇಳಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ನಾವು ಕೊಡುವ ಪ್ರೋಟಾನ್ ಕಿರಣ ಎಕ್ಸ್‌ರೇಯಂತೆ ಮೈ ದಾಟಿ ಹೋಗುವುದಿಲ್ಲ. ಇಷ್ಟು ಆಳಕ್ಕೆ ಹೋಗಿ ನಿಲ್ಲಬೇಕು ಎಂದು ಮೊದಲೇ ನಿಗದಿ ಮಾಡಿರುತ್ತೇವೆ, ಅಲ್ಲಿ ತನ್ನ ಶಕ್ತಿಯನ್ನೆಲ್ಲ ಬಿಟ್ಟು ನಿಲ್ಲುತ್ತದೆ. ನಿಮಗೆ ಅದು ಎಡಗಲ್ಲದ ಮೂಲಕ ಹೋಗುತ್ತಿತ್ತು. ದಾರಿಯಲ್ಲಿರುವುದು ಸ್ವಲ್ಪ ಹೆಚ್ಚುಕಡಿಮೆಯಾದರೂ ನಿಲ್ಲುವ ಜಾಗ ಬದಲಾಗುತ್ತದೆ. ಅದಕ್ಕೇ ನಾವು ಎರಡು ಚಿತ್ರ ಇಟ್ಟುಕೊಳ್ಳುತ್ತೇವೆ. ಕಿರಣ ಎಲ್ಲಿ ಎಷ್ಟು ಬೀಳಬೇಕು ಎಂದುಕೊಂಡಿದ್ದೆವು ಎಂಬುದು ಒಂದು, ನಿಜವಾಗಿ ಎಲ್ಲಿ ಎಷ್ಟು ಬಿತ್ತು ಎಂಬುದು ಇನ್ನೊಂದು. ಎರಡನ್ನೂ ಒಂದರ ಮೇಲೊಂದಿಟ್ಟು ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುವ ಸಾಫ್ಟ್‌ವೇರ್ ಬರೆದವಳು ನಾನೇ.

ನಮಗೆ ತಿಳಿಯದ ವಸ್ತು ಬಾಯಲ್ಲಿತ್ತು ಎಂದರೆ ಲೆಕ್ಕ ತಪ್ಪಿರುವ ಸಾಧ್ಯತೆ ಇದ್ದೇ ಇದೆ. ದಿನಾಲು ತೆಗೆಯುವ ಎಕ್ಸ್‌ರೇಯಲ್ಲಿ ಎಲುಬು ಮಾತ್ರ ಕಾಣುತ್ತದೆ, ಹತ್ತಿ ಕಾಣುವುದಿಲ್ಲ. ನೀವು ಹೇಳಬೇಕಿತ್ತು ಕಾಕಾ. ನಿಮ್ಮ ಫೈಲಿನಲ್ಲಿ ಇದನ್ನು ಬರೆದಿದ್ದೇನೆ, ನಿಯಮದಂತೆ ಬರೆಯಲೇಬೇಕು. ನೀವು ಚಿಂತೆ ಮಾಡಬೇಡಿ, ನನ್ನ ಹೆಸರಿಗೆ ಏನೂ ಆಗಿಲ್ಲ.

ಯೂನಿಫಾರ್ಮ್ ಎಂದಿರಿ. ಆರನೆಯ ತರಗತಿಯ ನೀಲಿ ಸ್ಕರ್ಟ್ ನೆನಪಿದೆಯೇ? ಅಳತೆ ಕೊಟ್ಟು ಒಂದು ವಾರಕ್ಕೆ ಅದು ಮೊಣಕಾಲಿನ ಮೇಲೆ ನಿಂತಿತ್ತು. ನೀವು ಅವ್ವನಿಗೆ, "ಹುಡುಗಿ ಬೆಳದಾಳ್ರಿ, ನಾ ಏನ್ ಮಾಡ್ಲಿ" ಎಂದಿರಂತೆ. ಮರುದಿನದಿಂದ ಅವ್ವ ನನ್ನ ಲಗೋರಿ ಆಟ ಬಂದ್ ಮಾಡಿದಳು. ಈಗ ನೆನೆದರೆ ನಗು ಬರುತ್ತದೆ.

ಆರೋಗ್ಯ ನೋಡಿಕೊಳ್ಳಿ.

ಇಂತು,
ಹರಿಪ್ರಿಯಾ

*

ಬಂಕಾಪುರ
22 ಸೆಪ್ಟೆಂಬರ್ 2024

ಚಿ. ಹರಿಪ್ರಿಯಾ,

ತಂಗಿಯ ಮನೆಗೆ ಬಂದಿದ್ದೇನೆ, ಇಲ್ಲಿಂದಲೇ ಬರೆಯುತ್ತಿದ್ದೇನೆ. ಸವಣೂರಿನ ಮನೆಯಲ್ಲಿ ಕೂರಲು ಮನಸ್ಸಿಲ್ಲ.

ನಿನ್ನ ಪತ್ರ ಮುಚ್ಚಿಡೋಣವೆಂದರೆ ನದೀಮನೇ ಪೋಸ್ಟ್‌ಮ್ಯಾನ್ ಕೈಯಿಂದ ತೆಗೆದುಕೊಂಡು ಓದಿಬಿಟ್ಟ. "ಆ ಪರಿ ದೊಡ್ಡ ದವಾಖಾನಿ, ಆ ಪರಿ ಮಷಿನ್. ಅದರಾಗ ನೀವು ಹತ್ತಿ ತುರುಕ್ಕೊಂಡು ಮಲಗೂದಂದ್ರ ಏನಪ್ಪಾ?" ಎಂದ. ಮಾಬೂಬಿ ನನ್ನ ಎಡಗಡೆ ಕೂತು ಏನೋ ಅಂದಳು. ಏನೆಂದು ಕೇಳಿಸಲಿಲ್ಲ, ಮತ್ತೊಮ್ಮೆ ಹೇಳು ಎನ್ನಲು ಧೈರ್ಯವಾಗಲಿಲ್ಲ.

ಅಂಗಡಿಯಲ್ಲಿ ನದೀಮ ಟೇಪು ಹಿಡಿದು ಅಳತೆ ಕೂಗುತ್ತಾನೆ, ನಾನು ವಹಿಯಲ್ಲಿ ಬರೆಯುತ್ತೇನೆ. ಮೊದಲಿನಿಂದಲೂ ಹೀಗೇ. ಹೋದ ವಾರ ಅವನು ಕೊರಳು ಹದಿನಾಕು ಎಂದನಂತೆ, ನನಗೆ ಹದಿನಾರು ಎಂದು ಕೇಳಿಸಿತು. ಆ ಅಂಗಿ ತೊಟ್ಟು ಗಿರಾಕಿ ಕನ್ನಡಿ ಮುಂದೆ ನಿಂತಾಗ ಕಾಲರಿನೊಳಗೆ ಇನ್ನೊಂದು ಕೊರಳು ಹಿಡಿಯುವಷ್ಟು ಜಾಗವಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಿನದಿಂದ ವಹಿ ಮುಟ್ಟಿಲ್ಲ.

ಇಲ್ಲಿ ಕೋಟೆಯ ಕಡೆ ನವಿಲು ಕೂಗುತ್ತವೆ. ಕೂಗು ಕೇಳುತ್ತದೆ, ಯಾವ ದಿಕ್ಕಿನಿಂದ ಎಂದು ಮಾತ್ರ ತಿಳಿಯುವುದಿಲ್ಲ. ಒಂದೇ ಕಿವಿ ಇದ್ದವನಿಗೆ ಎಲ್ಲ ಕೂಗೂ ಬಲಗಡೆಯಿಂದಲೇ ಬರುತ್ತದೆ. ನಿನ್ನೆ ಎಲ್ಲ ಬಲಗಡೆಯ ಗಿಡಗಳನ್ನೇ ನೋಡುತ್ತಿದ್ದೆ. ನವಿಲು ಎಡಗಡೆಯ ಗೋಡೆಯ ಮೇಲೆ ಇತ್ತು.

ನೀನು ಬೈಯಲಿಲ್ಲ, ಅದು ನಿನ್ನ ತಂದೆಯ ಗುಣ. ನನ್ನದೊಂದೇ ಕೇಳಿಕೆ. ಆ ಎರಡು ಚಿತ್ರಗಳ ವಿಷಯ ಬರೆದಿದ್ದೆಯಲ್ಲ, ಬೀಳಬೇಕಾದದ್ದು ಮತ್ತು ಬಿದ್ದದ್ದು. ಅವನ್ನು ನನಗೆ ಕಳಿಸು. ನನ್ನ ಹತ್ತಿ ಎಲ್ಲಿ ಕೆಡಿಸಿತು ಎಂದು ಕಣ್ಣಿಂದ ನೋಡಬೇಕು. ಕೆಟ್ಟ ಅಂಗಿಯನ್ನೂ ಬಿಚ್ಚಿ ನೋಡದೆ ಎಸೆದವನಲ್ಲ ನಾನು.

ತಲೆ ತಗ್ಗಿಸಿ,
ದಸ್ತಗೀರಸಾಬ

*

ಆಸ್ಪತ್ರೆ ಕ್ವಾರ್ಟರ್ಸ್
18 ನವೆಂಬರ್ 2024

ದಸ್ತಗೀರ ಕಾಕಾ ಅವರಿಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ಇಲ್ಲಿ ಕೆಲಸ ಬಹಳ. ಚಿತ್ರಗಳನ್ನು ಕಳಿಸಬೇಕೆಂದಿದ್ದೆ, ಬಣ್ಣದ ಪ್ರಿಂಟರ್ ಕೆಟ್ಟಿದೆ. ರಿಪೇರಿಯಾದ ಮೇಲೆ ನೋಡೋಣ. ನೋಡಿದರೂ ಅದರಿಂದ ನಿಮಗೆ ಏನೂ ಉಪಯೋಗವಿಲ್ಲ.

ಅವ್ವ ನಿಮ್ಮನ್ನು ಕೇಳುತ್ತಿರುತ್ತಾಳೆ.

ಹರಿಪ್ರಿಯಾ

*

ಸವಣೂರು
15 ಡಿಸೆಂಬರ್ 2024

ಚಿ. ಹರಿಪ್ರಿಯಾ,

ಪ್ರಿಂಟರಿನ ಸಲುವಾಗಿ ನೀನು ಒದ್ದಾಡಬೇಡ. ಚಿತ್ರ ಬಾರದಿದ್ದರೂ ನಡೆಯುತ್ತದೆ.

ಹೋದ ಸೋಮವಾರ ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ಎಡಗಡೆಯಿಂದ ಹಿಂದೆ ಸರಿಯುತ್ತಿದ್ದ ಹಿರೇಕೆರೂರು ಬಸ್ಸು ನನಗೆ ಕೇಳಿಸಲಿಲ್ಲ. ಹಣ್ಣಿನ ಬುಟ್ಟಿಯ ಹಾಲವ್ವ ಓಡಿಬಂದು ಅಂಗಿ ಹಿಡಿದು ಎಳೆದಳು. ಜೇಬು ಹರಿಯಿತು, ಅಷ್ಟೇ. "ಕಿವ್ಯಾಗ ಹತ್ತಿ ಇಟ್ಕೊಂಡೀಯೇನೋ ಮುದುಕಾ!" ಎಂದು ಬೈದಳು. ನೋಡು, ಬೈಯಲು ಬೇರೆ ಮಾತೇ ಸಿಗಲಿಲ್ಲ ಅವಳಿಗೆ.

ಇನ್ನೊಂದು ವಿಷಯ. ಹಾನಗಲ್ಲಿನ ಗುದ್ಲೆಪ್ಪ ಎಂಬವರಿಗೆ ನನ್ನ ಥರದ್ದೇ ಗಡ್ಡೆ, ಅವರೂ ಇಂಥ ಚಿಕಿತ್ಸೆಗೇ ಹೊರಟಿದ್ದಾರೆ. ಯಾರೋ ನನ್ನ ಹೆಸರು ಹೇಳಿದರಂತೆ, ಕರೆಸಿದರು. ಹೋಗಿ ಎಲ್ಲರೆದುರು ನನ್ನ ಕಥೆ ಹೇಳಿದೆ. "ದವಾಖಾನ್ಯಾಗ ಏನೂ ಮುಚ್ಚಿಡಬ್ಯಾಡ್ರಿ. ಅವರ ಲೆಕ್ಕ ಎಂದೂ ತಪ್ಪೂದಿಲ್ರಿ, ನಾವು ಶ್ಯಾಣ್ಯಾರಾಗಾಕ ಹೋಗಿ ಕೆಡಿಸ್ತೇವಿ. ನನ್ನ ಕಿವಿ ನೋಡ್ರಿ" ಎಂದೆ. ಅವರ ಸೊಸೆ ಅದನ್ನು ಬರೆದುಕೊಂಡಳು. ಈಗ ನಮ್ಮ ಕಡೆಯಿಂದ ಯಾರು ಹೊರಟರೂ ನನ್ನನ್ನು ಕರೆಯುತ್ತಾರೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೋಗುತ್ತೇನೆ. ನನ್ನ ತಪ್ಪು ಇನ್ನೊಬ್ಬರ ಉಪಯೋಗಕ್ಕಾದರೂ ಬರಲಿ.

ನಿನ್ನ ಕಾಕಾ,
ದಸ್ತಗೀರಸಾಬ

*

ಆಸ್ಪತ್ರೆ ಕ್ವಾರ್ಟರ್ಸ್
9 ಜನವರಿ 2025

ದಸ್ತಗೀರ ಕಾಕಾ,

ಇನ್ನು ಹಾನಗಲ್ಲಿಗಾಗಲಿ ಬೇರೆಲ್ಲಿಗಾಗಲಿ ಹೋಗಬೇಡಿ. ಯಾರಿಗೂ ಆ ಕಥೆ ಹೇಳಬೇಡಿ. ಅದು ಸುಳ್ಳು, ಆ ಸುಳ್ಳನ್ನು ನಿಮಗೆ ಕಳಿಸಿದವಳು ನಾನು.

ಪ್ರಿಂಟರ್ ಕೆಟ್ಟಿರಲಿಲ್ಲ. ಮೂರು ಚಿತ್ರ ಈ ಪತ್ರದ ಜೊತೆ ಇವೆ. ಮೊದಲನೆಯದರ ಮೇಲೆ ನೀಲಿ ಪೆನ್ನಿನಿಂದ "ಬೀಳಬೇಕಾದದ್ದು" ಎಂದು ಬರೆದಿದ್ದೇನೆ. ಕೆಂಪಗಿರುವುದು ಗಡ್ಡೆಯ ಜಾಗ. ಅದರ ಹಿಂದಿನ ಬಿಳಿಯ ಸಣ್ಣ ಸುರುಳಿ ನಿಮ್ಮ ಒಳಗಿವಿ. ಕೆಂಪು ಅಲ್ಲಿಗೆ ಹೋಗದೆ ಈಚೆಗೇ ನಿಂತಿದೆ. ಎರಡನೆಯದು "ಬಿದ್ದದ್ದು", ಅದರಲ್ಲಿ ಕೆಂಪಿನ ಅಂಚು ಹಿಂದಕ್ಕೆ ಚಾಚಿದೆ. ಮೂರನೆಯದು ಎರಡರ ವ್ಯತ್ಯಾಸ. ಸುರುಳಿಯ ಮೇಲೆ ಹಳದಿ ಕಲೆ ಕಾಣುತ್ತದೆ, ನೋಡಿ. ಕನ್ನಡಕ ಹಾಕಿಕೊಳ್ಳದಿದ್ದರೂ ಕಾಣುತ್ತದೆ.

ಎರಡನೆಯ ಚಿತ್ರದ ಮೂಲೆಯಲ್ಲಿ ತಾರೀಖಿದೆ. ಅದು ನಿಮ್ಮ ಹದಿನೇಳನೆಯ ದಿನ. ನಡುವಿನಲ್ಲಿ ಒಮ್ಮೆ ಮತ್ತೆ ಸ್ಕ್ಯಾನ್ ಮಾಡಿದ್ದೆವಲ್ಲ, ನೀವು ಅಂಗಿ ಹೊಲಿಯುವಾಗ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುತ್ತೀರಲ್ಲ, ಅಂಥದ್ದೇ ಅದು. ನೀವು ಹತ್ತಿ ಇಟ್ಟದ್ದು ಇಪ್ಪತ್ತನೆಯ ದಿನದಿಂದ. ಕಲೆ ಅದಕ್ಕೂ ಮೂರು ದಿನ ಮೊದಲೇ ಇತ್ತು. ನಿಮ್ಮ ಗಲ್ಲ ತೆಳುವಾಗಿತ್ತು, ಕಿರಣ ಹೆಚ್ಚು ಒಳಕ್ಕೆ ಹೋಗುತ್ತಿತ್ತು. ಅಂದೇ ನಾನು ಹೇಳಿದ್ದರೆ ಹೊಸ ಮುಖವಾಡ, ಹೊಸ ಲೆಕ್ಕ ಮಾಡಿ ಉಳಿದ ಹದಿನಾರು ದಿನ ಸರಿಯಾಗಿ ಕೊಡಬಹುದಿತ್ತು.

ನಾನು ಕಲೆ ನೋಡಿದೆ. ಮರುದಿನ ಹೊರಗಿನಿಂದ ದೊಡ್ಡವರು ಬರುವವರಿದ್ದರು, ನನ್ನ ಸಾಫ್ಟ್‌ವೇರ್ ತೋರಿಸಲು ನಿಮ್ಮ ಚಿತ್ರವನ್ನೇ ಆರಿಸಿಕೊಂಡಿದ್ದೆ. ಪರದೆಯ ಮೇಲೆ ಅಲ್ಲಲ್ಲಿ ಹಳದಿ ಚುಕ್ಕೆಗಳಿದ್ದವು, ಬಹಳಷ್ಟು ಅರ್ಥವಿಲ್ಲದ ಲೆಕ್ಕದ ಕಸ. ನೂರಕ್ಕೆ ಮೂರು ಹೆಚ್ಚಾದರೆ ಬಣ್ಣ ತೋರಿಸು ಎಂದಿದ್ದದ್ದನ್ನು ನೂರಕ್ಕೆ ಹತ್ತು ಎಂದು ಬದಲಿಸಿದೆ. ಚುಕ್ಕೆಗಳು ಹೋದವು, ಕಿವಿಯ ಮೇಲಿನ ಕಲೆಯೂ ಹೋಯಿತು. ಅದು ಕಸವಲ್ಲ ಎಂದು ನನಗೆ ಅನುಮಾನವಿತ್ತು. ಇಲ್ಲ, ಅನುಮಾನ ಎಂಬುದೂ ಸುಳ್ಳು. ಗೊತ್ತಿತ್ತು. ಆಮೇಲೆ ನೋಡೋಣ ಎಂದುಕೊಂಡೆ. ಮರುದಿನ ಎಲ್ಲರೂ ಎಷ್ಟು ಸ್ವಚ್ಛವಾದ ಚಿತ್ರ ಎಂದು ಹೊಗಳಿದರು, ದೊಡ್ಡ ಡಾಕ್ಟರರು ಅದನ್ನೇ ನೋಡಿ ಬದಲಾವಣೆ ಬೇಡವೆಂದು ಸಹಿ ಮಾಡಿದರು. ಆಮೇಲೆ ನಾನು ನೋಡಲಿಲ್ಲ.

ನಿಮ್ಮ ಮೊದಲ ಪತ್ರ ಬಂದಾಗ ಕಿವಿ ಎಂಬ ಮಾತು ಓದಿದ ಕೂಡಲೇ ಆ ಹಳದಿ ಕಣ್ಣಿಗೆ ಬಂತು. ಮುಂದೆ ಹತ್ತಿಯ ವಿಷಯ ಓದಿದೆ. ಕಾಕಾ, ಆ ಸಾಲು ಓದಿದಾಗ ನನಗಾದದ್ದು ಸಮಾಧಾನ. ಕುರ್ಚಿಗೆ ಒರಗಿ ಉಸಿರು ಬಿಟ್ಟೆ. ನಿಮ್ಮ ನಾಚಿಕೆಯ ಹಿಂದೆ ನಾನು ಅಡಗಿಕೊಂಡೆ. ನಿಮ್ಮ ಫೈಲಿನಲ್ಲಿ ರೋಗಿಯ ತಪ್ಪು ಎಂದು ನನ್ನ ಕೈಯಿಂದಲೇ ಬರೆದೆ. ಮೇಲೆ ನಿಮಗೆ, ಹೇಳಬೇಕಿತ್ತು ಎಂದು ಬುದ್ಧಿ ಬೇರೆ ಹೇಳಿದೆ.

ಇನ್ನೊಂದು ಹೇಳಬೇಕು. ಇದನ್ನು ನಿಮ್ಮ ಮನಸ್ಸು ತಣಿಸಲು ಹೇಳುತ್ತಿಲ್ಲ, ಲೆಕ್ಕ ಹಾಗೇ ಬಂದಿದೆ. ಹತ್ತಿಯಿಂದ ಎಷ್ಟು ವ್ಯತ್ಯಾಸವಾಯಿತು ಎಂದು ನೋಡಲು ನಾನೇ ಗಲ್ಲದಲ್ಲಿ ಹತ್ತಿಯ ಉಂಡೆ ಇಟ್ಟುಕೊಂಡು ಮಲಗಿದೆ. ಐದು ನಿಮಿಷಕ್ಕೆ ವಾಕರಿಕೆ ಬಂತು. ಆ ಒದ್ದೆ ಉಂಡೆಯನ್ನು ತೂಗಿ, ಅಳೆದು ಲೆಕ್ಕ ಹಾಕಿದೆ. ಕರಗಿದ ಗಲ್ಲದ ಜಾಗವನ್ನು ಅದು ಅರ್ಧದಷ್ಟು ತುಂಬಿತ್ತು. ಹತ್ತಿ ಇಲ್ಲದಿದ್ದರೆ ಕೊನೆಯ ಹದಿನಾಲ್ಕು ದಿನ ಕಿರಣ ಇನ್ನೂ ಮೂರು ಮಿಲಿಮೀಟರ್ ಒಳಕ್ಕೆ, ಮಿದುಳಿನ ಅಂಚಿನವರೆಗೆ ಹೋಗುತ್ತಿತ್ತು. ಹಾಗೆಂದು ಯಾರೂ ಬಾಯಲ್ಲಿ ಏನೂ ಇಟ್ಟುಕೊಳ್ಳಬಾರದು, ಇದು ದೈವವಶಾತ್ ಆದದ್ದು. ಆದರೆ ಅಳತೆ ತಪ್ಪಿದೆ ಎಂದು ಆ ಕಟ್ಟಡದಲ್ಲಿ ಏನಾದರೂ ಮಾಡಿದವರು ನೀವೊಬ್ಬರೇ.

ಸೋಮವಾರ ಮೇಲಿನವರಿಗೆ ಎಲ್ಲ ಬರೆದುಕೊಟ್ಟೆ. ನಿಮ್ಮ ಫೈಲು ತಿದ್ದಿದ್ದಾರೆ, ತಿದ್ದಿದ ಪ್ರತಿ ನಿಮಗೂ ಬರುತ್ತದೆ. ವಿಚಾರಣೆ ಮುಗಿಯುವವರೆಗೆ ನನ್ನನ್ನು ಚಿಕಿತ್ಸೆಯ ಲೆಕ್ಕದಿಂದ ದೂರ ಇಟ್ಟಿದ್ದಾರೆ. ಆ ಹತ್ತರ ಮಿತಿಯಲ್ಲಿ ನೋಡಿದ ಉಳಿದ ರೋಗಿಗಳ ಚಿತ್ರಗಳನ್ನೂ ತೆಗೆದು ನೋಡುತ್ತಿದ್ದಾರೆ. ನೀವು ಯಾವ ದಾರಿ ಹಿಡಿದರೂ ನಾನು ನಿಜವನ್ನೇ ಹೇಳುತ್ತೇನೆ.

ಅವ್ವ ಪ್ರತಿ ಸಂಜೆ, "ದಸ್ತಗೀರಸಾಬ ಹ್ಯಾಂಗಿದ್ದಾರ?" ಎಂದು ಕೇಳುತ್ತಾಳೆ. ಆರಾಮ ಎನ್ನುತ್ತಿದ್ದೆ. ನಿನ್ನೆ ಹೇಳಿದೆ. ಅವಳು ಊಟಕ್ಕೆ ಏಳಲಿಲ್ಲ.

ಕ್ಷಮೆ ಕೇಳಲು ನನಗೆ ಮುಖವಿಲ್ಲ.

ಹರಿಪ್ರಿಯಾ

*

ಸವಣೂರು
3 ಏಪ್ರಿಲ್ 2025

ಹರಿಪ್ರಿಯಾ,

ಈದ್ ಮುಗಿಯಿತು, ಬರೆಯುತ್ತಿದ್ದೇನೆ. ಉಪವಾಸದ ತಿಂಗಳಲ್ಲಿ ಕೆಟ್ಟ ಮಾತು ಬರೆಯಬಾರದೆಂದು ತಡೆದುಕೊಂಡೆ. ಅದಕ್ಕೂ ಮೊದಲು ಬರೆದದ್ದನ್ನು ಓದಿ ಹೇಳಿದಾಗ ಮಾಬೂಬಿ ಕಸಿದು ಒಲೆಗೆ ಹಾಕಿದಳು.

ಸಿಟ್ಟು ಇನ್ನೂ ಇಳಿದಿಲ್ಲ. ಸುಳ್ಳು ಹೇಳುವುದಿಲ್ಲ. ಕಿವಿಗಾಗಿ ಅಷ್ಟಲ್ಲ. ನಾಲ್ಕು ತಿಂಗಳು ನಾನು ಹೆಂಡತಿ ಮಕ್ಕಳ ಮುಂದೆ ತಲೆ ಎತ್ತಲಿಲ್ಲ. ಊರೂರಿಗೆ ಹೋಗಿ ನನ್ನನ್ನೇ ಹೀಯಾಳಿಸಿಕೊಂಡೆ. ಆಗ ನೀನು ಸುಮ್ಮನಿದ್ದೆ. ನದೀಮ, "ಕೇಸ್ ಹಾಕೂಣು" ಎಂದ. ನಾನು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ಚಿತ್ರಗಳನ್ನು ಕಟಿಂಗ್ ಟೇಬಲ್ಲಿನ ಮೇಲೆ ಹಾಸಿ ನೋಡಿದೆ. ಹಳದಿ ಕಂಡಿತು. ಹಾನಗಲ್ಲಿಗೆ ಮತ್ತೆ ಹೋಗಿ ಗುದ್ಲೆಪ್ಪನವರ ಸೊಸೆಗೂ ತೋರಿಸಿದೆ. "ಇಂಥಾ ಎರಡೂ ಚಿತ್ರ ಕೇಳವಾ. ನಡುವ ಮತ್ತೊಮ್ಮೆ ಅಳತಿ ತಗದ್ರೇನು ಅಂತನೂ ಕೇಳು, ಅಂಜಬ್ಯಾಡ" ಎಂದೆ. ಹಿಂದೆ ಬರೆದುಕೊಂಡದ್ದನ್ನು ನನ್ನ ಮುಂದೆಯೇ ಹೊಡೆದುಹಾಕಿಸಿದೆ.

ಈಗ ನನ್ನದೊಂದು. ನಿನ್ನ ಸೆಪ್ಟೆಂಬರಿನ ಪತ್ರದಲ್ಲಿ ನೀಲಿ ಸ್ಕರ್ಟಿನ ಮಾತಿತ್ತು. ಅಂದಿನಿಂದ ಅದು ನನ್ನನ್ನು ತಿನ್ನುತ್ತಿದೆ. ನಾನು ಆಗಲೇ ಉತ್ತರ ಬರೆಯಬೇಕಿತ್ತು, ಬರೆಯಲಿಲ್ಲ. ನಗುತ್ತಾ ಬರೆದಿದ್ದಾಳಲ್ಲ, ಬಿಡು ಎಂದುಕೊಂಡೆ.

ಆ ವಾರ ನೀನು ಒಂದು ನೂಲಿನಷ್ಟೂ ಬೆಳೆದಿರಲಿಲ್ಲ. ನಾನು ಎರಡು ಇಂಚು ಕಡಿಮೆ ಕತ್ತರಿಸಿದ್ದೆ. ಟೇಪು ನೋಡುವಾಗ ಯಾರ ಜೊತೆಗೋ ಹರಟೆ ಹೊಡೆಯುತ್ತಿದ್ದೆ. ಬಟ್ಟೆ ಮತ್ತೆ ಸಿಗುವಂತಿರಲಿಲ್ಲ. ನಿನ್ನ ಅವ್ವ ಬಂದಾಗ ಬಾಯಿಗೆ ಬಂದದ್ದು ಅದೇ ಮಾತು. ಹುಡುಗಿ ಬೆಳೆದಿದ್ದಾಳೆ ಎಂದರೆ ಯಾವ ತಾಯಿ ಟೇಪು ಹಿಡಿದು ನೋಡುತ್ತಾಳೆ? ಅವರು ನಂಬಿದರು. ಮರುದಿನ ನಿನ್ನ ಗೆಳತಿಯರು ಅಂಗಡಿಯ ಮುಂದೆ ಲಗೋರಿ ಆಡುತ್ತಿದ್ದರು. ನೀನು ಎದುರಿನ ನಿಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅದನ್ನು ಕಂಡು ನಾನು ಮಷಿನ್ನಿನ ಕಡೆ ಮುಖ ತಿರುಗಿಸಿಕೊಂಡೆ. ಇಪ್ಪತ್ನಾಲ್ಕು ವರ್ಷ ಹಾಗೇ ತಿರುಗಿಕೊಂಡು ಕೂತಿದ್ದೇನೆ.

ಇದರಿಂದ ನಿನ್ನದು ಸರಿಯಾಯಿತು ಎಂದುಕೊಳ್ಳಬೇಡ. ಎರಡು ಇಂಚಿಗೂ ಒಂದು ಕಿವಿಗೂ ಲೆಕ್ಕ ಚುಕ್ತಾ ಆಗುವುದಿಲ್ಲ. ಆದರೆ ನಿನ್ನ ಪತ್ರದಲ್ಲಿ ಉಸಿರು ಬಿಟ್ಟೆ ಎಂದು ಬರೆದಿದ್ದೀಯಲ್ಲ, ಆ ಉಸಿರು ನನಗೆ ಗೊತ್ತು. ಭಾಗೀರಥಿಬಾಯಿ ಸ್ಕರ್ಟ್ ಮಡಚಿಕೊಂಡು ಅಂಗಡಿಯ ಮೆಟ್ಟಿಲಿಳಿದಾಗ ನಾನೂ ಅದನ್ನೇ ಬಿಟ್ಟಿದ್ದೆ.

ಮೇ ತಿಂಗಳಲ್ಲಿ ಬಾ. ಅವ್ವನನ್ನೂ ಕರೆದುಕೊಂಡು ಬಾ. ಪತ್ರದಲ್ಲಿ ಹೇಳಿದರೆ ಮುಗಿಯುವುದಿಲ್ಲ, ಮಾಬೂಬಿಗೆ ಓದು ಬರುವುದಿಲ್ಲ. ಅವಳೆದುರು, ನದೀಮನೆದುರು, ನನ್ನ ಬಲಗಡೆ ಕೂತು, ಬಾಯಿಬಿಟ್ಟು, ನನಗೆ ಕೇಳಿಸುವಷ್ಟು ಜೋರಾಗಿ ಹೇಳು. ನೀನು ಹೇಳಿ ಮುಗಿಸಿದ ಮೇಲೆ ನಾನು ನಿನ್ನ ಅವ್ವನ ಮುಂದೆ ನಿಂತು ಹೇಳುತ್ತೇನೆ, "ಹುಡುಗಿ ಬೆಳದಿರಲಿಲ್ರಿ ಬಾಯಾರ, ನನ್ನ ಕತ್ತರಿ ತಪ್ಪಿತ್ರಿ."

ದಸ್ತಗೀರಸಾಬ